ಕಗ್ಗಲೀದೊಡ್ಡಿ ಡೇರಿ ಉದ್ಘಾಟನೆ

ಆ ವಿಡಿಯೋಗೆ ಜಯಕುಮಾರ ಹಾಕಿದ್ದ ಸಂಗೀತವನ್ನು ಬಾಲರಾಜು ಮರೆತಿರಲಿಲ್ಲ. ಪುಂಗಿಯಂಥ ಒಂದು ಎಳೆ, ಅದರ ಕೆಳಗೆ ಎದೆ ಬಡಿದಂತೆ ಢಮ್ ಢಮ್ ಸದ್ದು. ಪರದೆಯ ಮೇಲೆ ಅವನ ತಂಗಿ ಪ್ರತಿಮಾ ಎಂಜಿನಿಯರರ ಕಾರಿನಿಂದ ಇಳಿಯುತ್ತಿದ್ದಳು. ಅವಳ ಮುಖದ ಸುತ್ತ ಕೆಂಪು ಬಳೆಯೊಂದು ಗಿರಗಿರ ಸುತ್ತುತ್ತಿತ್ತು. 'ಮೆಂಬರ್ ಮೇಡಂ ಎಲ್ಲಿಂದ ಬಂದ್ರು? ಯಾರ ಜೊತೆ ಬಂದ್ರು? ಜನ ಕೇಳ್ತಾವ್ರೆ!' ಎಂದು ಜಯಕುಮಾರನ ದನಿ ಅರಚುತ್ತಿತ್ತು. ಪ್ರತಿಮಾ ಕಗ್ಗಲೀದೊಡ್ಡಿಯ ಗ್ರಾಮ ಪಂಚಾಯಿತಿ ಸದಸ್ಯೆ. ಹಾಲಿನ ಡೇರಿಗೆ ಜಾಗ ತೋರಿಸಲು ಎಂಜಿನಿಯರರನ್ನು ಕರೆದುಕೊಂಡು ಹೋಗಿದ್ದಳು. ಅದೇ ಕಾರಿನಿಂದ ಊರಿನ ಇನ್ನಿಬ್ಬರು ಹೆಂಗಸರು ಇಳಿದದ್ದನ್ನು ಜಯಕುಮಾರ ಕತ್ತರಿಸಿ ಎಸೆದಿದ್ದ.

ವಾರ ತುಂಬುವ ಮೊದಲೇ ಪ್ರತಿಮಾ ತೋಟದ ಬಾವಿಗೆ ಬಿದ್ದಳು. ಅವಳನ್ನು ಮಣ್ಣು ಮಾಡುವಾಗ ಜಯಕುಮಾರ ಬೇಲಿಯಾಚೆ ನಿಂತು ಮೊಬೈಲು ಎತ್ತಿ ಹಿಡಿದಿದ್ದ. ಅವನ 'ಬೆಂಕಿ ಕಣ್ಣು' ಯೂಟ್ಯೂಬ್ ಚಾನೆಲ್ಲಿಗೆ ಅದು ಎರಡನೆಯ ವಿಡಿಯೋ ಆಯಿತು. ಮೊದಲನೆಯದಕ್ಕಿಂತ ಹೆಚ್ಚು ಓಡಿತು.

ಬಾಲರಾಜುವಿಗೆ ಅಷ್ಟೇ ನೋವು ಕೊಟ್ಟದ್ದು ಊರಿನ ಮೌನ. ಅವನು ಅರಳಿಕಟ್ಟೆ ದಾಟುವಾಗ ಮಾತು ನಿಲ್ಲುತ್ತಿತ್ತು. ಪ್ರತಿಮಾಳ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಅವಳು ಓಡಾಡಿ ಜಾಗ ಮಾಡಿಸಿದ ಡೇರಿಗೆ ಗೋಡೆ ಎದ್ದಿತು, ತಾರಸಿ ಬಿತ್ತು, ಆದರೂ ಅದು ಅವಳ ಕೆಲಸವೆಂದು ಯಾರೂ ಹೇಳಲಿಲ್ಲ. ಎಂ.ಎ. ಓದಿ ಪತ್ರಿಕೆಗೆ ಬರೆಯುವವನು ಅವನು. ಮಾತಿಗಿಂತ ಮೌನವನ್ನು ಚೆನ್ನಾಗಿ ಓದಬಲ್ಲೆ ಎಂಬ ನಂಬಿಕೆ ಅವನಿಗಿತ್ತು. ಈ ಮೌನವನ್ನೂ ಓದಿದ. ಮರೆತರು, ಎಂದುಕೊಂಡ. ತಾಯಿಯನ್ನು ಕರೆದುಕೊಂಡು ಕನಕಪುರದ ಬಾಡಿಗೆ ಮನೆಗೆ ಬಂದುಬಿಟ್ಟ. ಆಕೆಗೆ ಉಳಿದದ್ದು ಅವನೊಬ್ಬನೇ. ಆದ್ದರಿಂದ ಜಯಕುಮಾರ ಸಾಯಬೇಕಿತ್ತು, ಬಾಲರಾಜು ಜೈಲಿಗೆ ಹೋಗಬಾರದಿತ್ತು. ಎರಡರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಟ್ಟಂತೆ.

ಅವನು ಅವಸರ ಮಾಡಲಿಲ್ಲ. ಮೊದಲು ದ್ವೇಷವನ್ನು ಮುಖದಿಂದ ಇಳಿಸಿದ. ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಜಯಕುಮಾರ ಸಿಕ್ಕಾಗ ಪಕ್ಕದಲ್ಲೇ ನಿಂತು ಟೀ ಕುಡಿದ. ಕೆಲವು ತಿಂಗಳ ಮೇಲೆ ಜಯಕುಮಾರನೇ ಅವನ ಹೆಗಲ ಮೇಲೆ ಕೈ ಹಾಕಿದ.

"ನಾನೇನು ಬೇಕೂಂತ ಮಾಡುದ್ನೇನ್ಲಾ ಬಾಲು? ವ್ಯೂಸ್ ಕಣ್ಲಾ, ವ್ಯೂಸ್. ನೀನು ಬರ್ದಿದ್ದು ನಿಮ್ಮವ್ವನೂ ಓದಕ್ಕಿಲ್ಲ. ನಂದನ್ನ ದುಬೈನಾಗೂ ನೋಡ್ತಾರೆ."

"ಆಗಿದ್ದಾಯ್ತು ಬುಡು ಜಯಣ್ಣ" ಎಂದ ಬಾಲರಾಜು. ಹೆಗಲ ಮೇಲಿನ ಕೈಯ ತೂಕವನ್ನು ಅವನು ಅಳೆಯುತ್ತಿದ್ದ. ದಪ್ಪ ಕೈ, ಆದರೆ ಮೆತ್ತಗಿತ್ತು.

ಉಪಾಯ ಹೊಳೆದದ್ದು ಒಂದು ಆಹ್ವಾನ ಪತ್ರಿಕೆಯಿಂದ. ಕಗ್ಗಲೀದೊಡ್ಡಿ ಹಾಲು ಉತ್ಪಾದಕರ ಸಂಘದ ನೂತನ ಕಟ್ಟಡದ ಉದ್ಘಾಟನೆ, ಶಾಸಕರಿಂದ. ಅಧ್ಯಕ್ಷತೆ, ಸಂಘದ ಅಧ್ಯಕ್ಷ ಬೋರಲಿಂಗಯ್ಯ. ಅದನ್ನು ಓದಿದಾಗ ಬಾಲರಾಜುವಿಗೆ ನಗು ಬಂತು. ಯಾಕೆಂದರೆ ಸುದ್ದಿ ಆಗಲೇ ಬರೆದಂತಾಗಿತ್ತು.

ತಾಲ್ಲೂಕಿನ ವರದಿಗಾರರು ಯಾರೂ ಇಂಥ ಸಭೆಗಳಲ್ಲಿ ಕೊನೆಯವರೆಗೆ ಕೂರುತ್ತಿರಲಿಲ್ಲ. ಬಹಳ ಜನ ಬರುತ್ತಲೂ ಇರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಹೆಸರಿದ್ದವರೆಲ್ಲ ಸುದ್ದಿಯ ಕೊನೆಯಲ್ಲಿ 'ಹಾಜರಿದ್ದರು'. ಒಬ್ಬ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಉಳಿದವರು ಮೊದಲ ಸಾಲು ತಿರುಗಿಸಿ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಿದ್ದರು. ಬಹುಕಾಲದಿಂದ ಆ ಒಬ್ಬ ಎಂದರೆ 'ಅರ್ಕಾವತಿ ಮುಂಜಾವು' ಪತ್ರಿಕೆಯ ಬಾಲರಾಜು. ಶಾಸಕರ ಭಾಷಣವನ್ನು ಅವರಿಗಿಂತ ಅವನೇ ಚೆನ್ನಾಗಿ ಮಾಡಬಲ್ಲ. ಹೈನುಗಾರಿಕೆ ರೈತನ ಬೆನ್ನೆಲುಬು, ಯುವಕರು ದುಶ್ಚಟ ಬಿಡಬೇಕು, ಕ್ಷೇತ್ರದ ಅಭಿವೃದ್ಧಿಯೇ ನನ್ನ ಉಸಿರು. ಈ ಮೂರು ವಾಕ್ಯಗಳ ಆಚೆಗೆ ಅವರು ಹೋದದ್ದನ್ನು ಅವನು ಕಂಡಿರಲಿಲ್ಲ.

ಇಂಥ ಸಭೆಯಲ್ಲಿ ಪತ್ರಕರ್ತನನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಅವನ ಕ್ಯಾಮೆರಾ ನೋಡುತ್ತಾರೆ. ಮೊದಲಲ್ಲಿ ಕಂಡವನು ಊಟದಲ್ಲೂ ಕಂಡರೆ ನಡುವೆಯೂ ಇದ್ದ ಎಂದೇ ಜನ ಆಣೆ ಮಾಡುತ್ತಾರೆ. ಊರ ಹಿಂದಿನ ಗುಡ್ಡದಾಚೆ ಹಾಳುಬಿದ್ದ ಕಲ್ಲು ಕ್ವಾರಿ ಇತ್ತು. ಹಿಪ್ಪುನೇರಳೆ ತೋಟದೊಳಗಿನ ಕಾಲುದಾರಿಯಲ್ಲಿ ಹೋಗಿ ಬರಬಹುದು. ಶಾಸಕರು ಬರುವ ದಿನ ತೋಟದಲ್ಲಿ ಸೊಪ್ಪು ಕೊಯ್ಯುವ ಒಂದು ಕೈಯೂ ಇರುವುದಿಲ್ಲ.

ಜಯಕುಮಾರನಿಗೆ ಅವನು ಫೋನು ಮಾಡಲಿಲ್ಲ. ಟೀ ಅಂಗಡಿಯಲ್ಲಿ ಕಿವಿಗೆ ಹೇಳಿದ.

"ಹಳೇ ಕ್ವಾರೀಲಿ ಮತ್ತೆ ಸಿಡಿಮದ್ದು ಇಟ್ಟವ್ರೆ ಜಯಣ್ಣ. ಮಾಲೀಕ ಡೇರಿ ಓಪನಿಂಗ್ ದಿವ್ಸ ಎಮ್ಮೆಲ್ಲೆ ಪಕ್ಕ ಸ್ಟೇಜ್ ಮ್ಯಾಲೆ ಇರ್ತಾನೆ. ನಾನು ಬಂದು ತೋರುಸ್ತೀನಿ. ಒಬ್ನೇ ಬಾ, ಹಿಂದಿನ ದಾರೀಲಿ."

ಜಯಕುಮಾರನ ಕಣ್ಣುಗಳು ಸಣ್ಣಗಾದವು. "ಯಾರ್ಗೂ ಬಾಯಿ ಬುಡಬ್ಯಾಡ ಕಣ್ಲಾ" ಎಂದ. ಅವನೂ ಬಾಯಿ ಬಿಡುವುದಿಲ್ಲವೆಂಬುದು ಬಾಲರಾಜುವಿಗೆ ಗೊತ್ತಿತ್ತು. ಬೇಟೆ ಹಂಚಿಕೊಳ್ಳುವ ಗುಣ ಅವನದಲ್ಲ.

ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಬಾಲರಾಜು ಎರಡು ಅಂಗಿ ಹೊಲಿಸಿದ. ಒಂದನ್ನು ಹಿಂದಿನ ದಿನವೇ ಕ್ವಾರಿಯ ಬಂಡೆಯ ಸಂದಿಯಲ್ಲಿ ಇಟ್ಟು ಬಂದ. ಕಲ್ಲು ಒಡೆಯುವವರು ಬಿಟ್ಟುಹೋದ ಸುತ್ತಿಗೆಯೊಂದು ಅಲ್ಲೇ ಸಿಕ್ಕಿತು. ಹಿಡಿ ಗಟ್ಟಿಯಾಗಿತ್ತು.

ಉದ್ಘಾಟನೆಯ ದಿನ ಬೈಕನ್ನು ಡೇರಿಯ ಎದುರಿಗೇ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ವೇದಿಕೆಯ ಪಕ್ಕದಲ್ಲಿ ಏನೋ ಒಂದು ದೊಡ್ಡ ಪಟ, ರೇಷ್ಮೆ ಬಟ್ಟೆ ಹೊದ್ದು ಗೋಡೆಗೆ ಒರಗಿತ್ತು. ಶಾಸಕರಿಗೆ ಕೊಡುವ ಅವರದೇ ಪಟ. ಹಾಗೆಂದುಕೊಂಡು ಅವನು ಕಣ್ಣು ತೆಗೆದ. ಮುದುಕ ಬೋರಲಿಂಗಯ್ಯ ಬಂದು ಅವನ ಕೈ ಹಿಡಿದುಕೊಂಡ.

"ಬಂದ್ಯಾ ಬಾಲ? ಒಳ್ಳೇದಾಯ್ತು. ಕೊನೇಗಂಟ ಇರ್ಬೇಕು ಕಣಪ್ಪ. ಮಧ್ಯದಾಗೆ ಎದ್ದೋಗ್ಬ್ಯಾಡ."

"ಬಾಡೂಟ ಬುಟ್ಟು ಎಲ್ಲಿ ಹೋಗ್ಲಿ ದೊಡ್ಡಪ್ಪ?" ಎಂದು ಬಾಲರಾಜು ನಕ್ಕ. ಮುದುಕ ನಗಲಿಲ್ಲ. ಸುದ್ದಿ ಚಿಕ್ಕದಾದೀತೆಂಬ ಚಿಂತೆ ಇವನಿಗೆ, ಎಂದುಕೊಂಡ.

ಮೈಕ್ ಸೆಟ್ಟು ಚನ್ನಪಟ್ಟಣದ ಸಮದ್‌ನದು. ಬಾಯಿ ಮುಚ್ಚದ ಆಸಾಮಿ. "ಏನಣ್ಣ, ಇವತ್ತೂ ಬೆನ್ನೆಲುಬೇನಾ?" ಎಂದು ಶಾಸಕರನ್ನು ತೋರಿಸಿ ಕಣ್ಣು ಹೊಡೆದ. ಬಾಲರಾಜು ತನ್ನ ಫೋನನ್ನು ಚಾರ್ಜಿಗೆ ಹಾಕಲು ಅವನಿಗೇ ಕೊಟ್ಟ. ಇನ್ನು ಯಾವ ಟವರು ಕೇಳಿದರೂ ಅವನು ಕಗ್ಗಲೀದೊಡ್ಡಿಯ ವೇದಿಕೆಯ ಪಕ್ಕದಲ್ಲೇ ಇದ್ದಾನೆ.

ದೀಪ ಹಚ್ಚಿದ್ದನ್ನು ಕ್ಯಾಮೆರಾದಲ್ಲಿ ತೆಗೆದ. ಟೇಪು ಕತ್ತರಿಸಿದ್ದನ್ನು ತೆಗೆದ. ಸ್ವಾಗತ ಭಾಷಣ ಶುರುವಾದಾಗ ಶಾಮಿಯಾನದ ಹಿಂಬದಿಗೆ ಮೂತ್ರಕ್ಕೆ ಹೋಗುವವನಂತೆ ನಡೆದು, ತೋಟಕ್ಕೆ ಇಳಿದ.

ಜಯಕುಮಾರ ಕ್ವಾರಿಯ ಅಂಚಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಕೆಳಗೆ ಹಸಿರುಗಟ್ಟಿದ ನೀರು. ಗುಡ್ಡದಾಚೆಯಿಂದ ಮೈಕಿನ ಗೊಣಗು ತೇಲಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಎಲ್ಲೈತ್ಲಾ ಮಾಲು?"

"ಅಲ್ಲಿ, ಆ ಬಂಡೆ ಬುಡದಾಗೆ. ಬಗ್ಗಿ ನೋಡು."

ಒಂದೇ ಏಟು ಎಂದು ಬಾಲರಾಜು ಎಣಿಸಿದ್ದ. ಜಯಕುಮಾರ ಬಗ್ಗಿದ. ಸುತ್ತಿಗೆ ಬಿತ್ತು. ಆದರೆ ಅದು ತಲೆಗೆ ಓರೆಯಾಗಿ ತಾಗಿ ಕಿವಿಯನ್ನು ಹರಿದುಕೊಂಡು ಹೆಗಲಿಗೆ ಇಳಿಯಿತು. ಮೂಳೆ ಮುರಿದ ಸದ್ದು ಒಣ ಸೌದೆ ಮುರಿದಂತೆ ಕೇಳಿತು. ಜಯಕುಮಾರ ಕೂಗಲಿಲ್ಲ. ತಿರುಗಿ, ಏನೋ ತಮಾಷೆ ಅರ್ಥವಾಗದವನಂತೆ ನೋಡಿದ. ಆಮೇಲೆ ಬಾಲರಾಜುವಿನ ಕಾಲು ತಬ್ಬಿಕೊಂಡ. ಇಬ್ಬರೂ ಜಲ್ಲಿಯ ಮೇಲೆ ಉರುಳಿದರು. ಮೆತ್ತಗಿದ್ದ ಕೈ ಈಗ ಬಾಲರಾಜುವಿನ ಗಂಟಲಿಗೆ ಬಂತು. ಹೆಬ್ಬೆರಳು ಒಳಗೆ ಇಳಿಯತೊಡಗಿತು. ಬಾಲರಾಜು ಆ ಮುಖಕ್ಕೆ ಸುತ್ತಿಗೆಯ ಹಿಡಿಯಿಂದಲೇ ಗುದ್ದಿದ, ಮತ್ತೆ ಗುದ್ದಿದ. ಹಲ್ಲು ಮುರಿದು ಅವನ ಕೈಗೆ ಚುಚ್ಚಿತು.

"ಬುಟ್ಬುಡ್ಲಾ... ಡಿಲೀಟ್ ಮಾಡ್ತೀನಿ... ಈಗ್ಲೇ ಡಿಲೀಟ್..."

ಆ ಮಾತು ಬಾರದೆ ಹೋಗಿದ್ದರೆ ಕೈ ಸೋಲುತ್ತಿತ್ತೋ ಏನೋ. ಡಿಲೀಟ್ ಎಂದ ಮೇಲೆ ಬಾಲರಾಜು ಎಣಿಸುವುದನ್ನು ಬಿಟ್ಟ. ಅವನು ನಿಲ್ಲಿಸಿದಾಗ ಅದು ಜಯಕುಮಾರನ ಮುಖವಾಗಿ ಉಳಿದಿರಲಿಲ್ಲ. ಬಾಯಿದ್ದ ಕಡೆಯಿಂದ ರಕ್ತದ ಗುಳ್ಳೆಯೊಂದು ಎದ್ದು, ಒಡೆಯಿತು. ಅವನ ಬೆಲ್ಟಿಗೆ ಕಲ್ಲು ಬಿಗಿದು ಅಂಚಿನಿಂದ ನೂಕಿದ. ನೀರು ಬಾಯಿ ತೆರೆದು ಮುಚ್ಚಿಕೊಂಡಿತು. ಸುತ್ತಿಗೆಯನ್ನೂ ರಕ್ತದ ಅಂಗಿಯನ್ನೂ ಕಲ್ಲು ಕಟ್ಟಿ ಅಲ್ಲಿಗೇ ಎಸೆದ. ತೊಳೆದುಕೊಂಡು, ಹೊಸ ನೀಲಿ ಅಂಗಿ ತೊಟ್ಟು, ಗುಂಡಿಯನ್ನು ಕತ್ತಿನವರೆಗೂ ಹಾಕಿದ. ಗುಡ್ಡದಾಚೆ ಮೈಕು ಆಗ ಸುಮ್ಮನಾಗಿತ್ತು. ಅವನಿಗೆ ಆ ಮೌನ ಹಿತವಾಗಿತ್ತು.

ಮರಳಿದಾಗ ಶಾಸಕರ ಕಾರುಗಳು ಹೋಗಿದ್ದವು, ವೇದಿಕೆಯ ಪಕ್ಕದ ಪಟವೂ ಅಲ್ಲಿರಲಿಲ್ಲ. ಬೋರಲಿಂಗಯ್ಯನೂ ಅವರನ್ನು ಬೀಳ್ಕೊಡಲು ರಸ್ತೆಯವರೆಗೆ ಹೋಗಿದ್ದ. ಬಾಲರಾಜು ಕಟ್ಟಡದ ಒಳಗೆ ಕಾಲಿಡದೆ ನೇರ ಪಂಕ್ತಿಗೆ ಬಂದು ಕುಳಿತ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಚುಚ್ಚಿದ್ದ ಬೆರಳಿಗೆ ಖಾರ ಉರಿಯಿತು. ಎದುರು ಸಾಲಿನ ಮುದುಕಿ ವೆಂಕಟಲಕ್ಷ್ಮಮ್ಮ ಅವನನ್ನೇ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಣ್ಣು ಮಗ. ಏನೇ ಇರ್ಲಿ, ಹೊಟ್ಟೆ ತುಂಬ ಉಣ್ಣು" ಎಂದಳು. ಅಕ್ಕಪಕ್ಕದವರು ಎಲೆಯಿಂದ ತಲೆ ಎತ್ತಲಿಲ್ಲ.

ಮತ್ತದೇ ಮೌನ, ಎಂದುಕೊಂಡ ಬಾಲರಾಜು. ಸಮದ್ ಕೂಡ ಫೋನನ್ನು ಕೈಗಿಟ್ಟು, "ತಗೊಳಿ ಅಣ್ಣ" ಎಂದಷ್ಟೇ ಹೇಳಿ ವೈರು ಸುತ್ತುವುದಕ್ಕೆ ತಿರುಗಿಕೊಂಡ. ಹಸಿವಿರಬೇಕು. ಫೋನಿನಲ್ಲಿ ಬೋರಲಿಂಗಯ್ಯನ ತಪ್ಪಿದ ಕರೆ ಇತ್ತು. ದೊಡ್ಡ ಫೋಟೋ ಹಾಕಿಸು ಅನ್ನಲಿಕ್ಕೆ. ಮನೆಗೆ ಬಂದು, ಮೊದಲೇ ಬರೆದಿಟ್ಟ ಸುದ್ದಿಯನ್ನು ಗುಂಪಿಗೆ ಹಾಕಿದ. ಸಂಜೆ ಕುರಿ ಕಾಯುವವರು ಕ್ವಾರಿಯ ಹತ್ತಿರ ರಕ್ತವನ್ನೂ ಬಂಡೆಯಾಚೆ ಜಯಕುಮಾರನ ಸ್ಕೂಟರನ್ನೂ ಕಂಡರು. ಕತ್ತಲಾಗುವ ಮೊದಲೇ ಮುಳುಗುಗಾರರು ಹೆಣವನ್ನು ಮೇಲೆ ತೆಗೆದರು. ಅದರ ಸುದ್ದಿಯನ್ನೂ ಬಾಲರಾಜುವೇ ಬರೆದು ಗುಂಪಿಗೆ ಹಾಕಿದ. ಒಂದು ವಿಶೇಷಣವೂ ಹೆಚ್ಚಿಲ್ಲದ ಸುದ್ದಿ.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಮನೆಗೆ ಬಂದರು. ಬರುತ್ತಾರೆಂದು ಗೊತ್ತಿತ್ತು. ಪ್ರತಿಮಾಳ ಕತೆ ತಾಲ್ಲೂಕಿಗೇ ಗೊತ್ತಿದ್ದ ಮೇಲೆ ಮೊದಲು ಬರುವುದು ಇಲ್ಲಿಗೇ. ತಾಯಿ ಕಾಫಿ ತಂದಿಟ್ಟಳು. ಬಾಲರಾಜು ಕ್ಯಾಮೆರಾದ ಫೋಟೋ ತೋರಿಸಿದ, ಸಮದ್‌ನ ನಂಬರು ಕೊಟ್ಟ.

"ಸಭೆ ಮುಗಿಯೋವರೆಗೂ ಅಲ್ಲೇ ಇದ್ರಾ?"

"ವಂದನಾರ್ಪಣೆವರೆಗೂ ಇದ್ದೆ ಸಾರ್. ಮುಂದಿನ ಸಾಲಲ್ಲೇ. ಎದ್ದಿದ್ದು ಊಟಕ್ಕೇ."

"ಪೇಪರಲ್ಲಿ ಓದಿದೆ. ಎಲ್ಲಾ ವಿವರವಾಗಿ ಹಾಕಿದ್ದೀರಿ." ಇನ್‌ಸ್ಪೆಕ್ಟರ್ ಪತ್ರಿಕೆಯನ್ನು ಮಡಚಿ ಕಂಕುಳಿಗಿಟ್ಟುಕೊಂಡು ಎದ್ದರು. "ನಿಮ್ಮ ಮೇಲೇ ಮೊದಲು ಅನುಮಾನ ಬರುತ್ತಲ್ಲ. ಕೇಳಲೇಬೇಕಿತ್ತು. ಬೇಜಾರು ಮಾಡ್ಕೋಬೇಡಿ."

ಬಾಗಿಲಲ್ಲಿ ಬೋರಲಿಂಗಯ್ಯ ನಿಂತಿದ್ದ. ಒಂದು ಕೈಯಲ್ಲಿ ಶಾಲು ಹೊದಿಸಿದ ಹಣ್ಣಿನ ತಟ್ಟೆ, ಇನ್ನೊಂದು ಕೈಯಲ್ಲಿ ಬಟ್ಟೆ ತೆಗೆದ ಒಂದು ಪಟ. ಪಟದೊಳಗೆ ಪ್ರತಿಮಾ ನಗುತ್ತಿದ್ದಳು.

"ನೊಂದ್ಕಬ್ಯಾಡ ಕಣಪ್ಪ ಬಾಲ" ಎಂದ ಮುದುಕ, ಪೊಲೀಸರ ಕಡೆ ನೋಡದೆ. "ಮೊದ್ಲೇ ಹೇಳುದ್ರೆ ನೀನು ಬತ್ತಿರ್ಲಿಲ್ಲ ಅಂತ ಕಾರ್ಡ್‌ನಾಗೂ ಹಾಕುಸ್ಲಿಲ್ಲ. ಡೇರಿಗೆ ಪ್ರತಿಮಾ ಹೆಸರು ಮಡಗವ್ರೆ ಅಂತ ಎಮ್ಮೆಲ್ಲೆನೇ ಹೇಳುದ್ರು. ಪಟದ ಬಟ್ಟೆ ತೆಗ್ಯಕ್ಕೆ ನಿನ್ನೇ ಕರುದ್ವಿ. ಮೈಕ್‌ನಾಗೆ ಕೂಗೀ ಕೂಗೀ ಸಮದ್ ಗಂಟ್ಲು ಕಟ್ಕಂತು. ಫೋನ್ ಮಾಡುದ್ರೆ ಅವನ ಪಕ್ಕದಾಗೇ ಬಡ್ಕತಾ ಐತೆ. ಊರೆಲ್ಲ ಎದ್ದು ನಿಂತು ಹುಡುಕ್ತು, ನೀನಿಲ್ಲ. ಪಾಪ, ತಂಗಿ ಹೆಸರು ಕೇಳಿ ತಡ್ಕಳಕ್ಕಾಗ್ದೆ ಎದ್ದೋಗವ್ನೆ, ಉಣ್ಣಕ್ ಬಂದ್ರೆ ಯಾರೂ ಏನೂ ಕೇಳ್ಬ್ಯಾಡಿ ಅಂದ್ಲು ವೆಂಕಟಲಕ್ಷ್ಮಮ್ಮ. ಅದ್ಕೇ ಯಾರೂ ಬಾಯಿ ಬುಡ್ಲಿಲ್ಲ." ಹೊಸ್ತಿಲು ದಾಟುತ್ತಿದ್ದ ಇನ್‌ಸ್ಪೆಕ್ಟರ್ ನಿಂತರು. ಹಿಂತಿರುಗಿ ಬಂದು ಅದೇ ಕುರ್ಚಿಯಲ್ಲಿ ಕುಳಿತು, ಕಂಕುಳಿನ ಪತ್ರಿಕೆ ಬಿಡಿಸಿ, ಕಗ್ಗಲೀದೊಡ್ಡಿಯ ಸುದ್ದಿಯನ್ನು ಬೆರಳಿಟ್ಟು ಓದತೊಡಗಿದರು. ಹೈನುಗಾರಿಕೆ ಬೆನ್ನೆಲುಬು ಎಂಬಲ್ಲಿಂದ 'ಮುಂತಾದವರು ಹಾಜರಿದ್ದರು' ಎಂಬಲ್ಲಿಯವರೆಗೆ ಬೆರಳು ನಿಧಾನವಾಗಿ ಇಳಿಯಿತು. ಅದು ಏನನ್ನು ಹುಡುಕುತ್ತಿದೆಯೆಂದು ಬಾಲರಾಜುವಿಗೆ ತಿಳಿದಿತ್ತು. ತಂಗಿಯ ಹೆಸರನ್ನು ಅವನು ಎಲ್ಲೂ ಬರೆದಿರಲಿಲ್ಲ.