ಎಡಸಾಲಿನ ಮೂರನೆಯ ಮುಖ

ವಿಭೂತಿ ಬುಧವಾರ ಬೆಳಗ್ಗೆ ೯.೧೦ಕ್ಕೆ, ಹಣೆಯ ಮೇಲಿನ ಬೂದಿಯ ಶಿಲುಬೆ ಅಳಿಸುವ ಮುನ್ನವೇ, ಸಾರ್ಡೀನಿಯಾ ದ್ವೀಪದ ಬೆಟ್ಟದೂರು ಒರ್ಗಾಯ್‌ನ ಠಾಣೆಗೆ ಪಸ್ಕಾ ಬಂದಳು. ಆಕೆಯ ಗಂಡ ಬಸ್ತ್ಯಾನು ಮಂಗಳವಾರ ಮಧ್ಯಾಹ್ನ ವೈನ್ ತರಲು ತನ್ನ ನೆಲಮಾಳಿಗೆಗೆ ಇಳಿದಾಗ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ರಾತ್ರಿಯಿಡೀ ಚಳಿಗೆ ಎರಡು ಕಾಲ್ಬೆರಳು ಕಪ್ಪಾಗಿದ್ದವು; ನಸುಕಿನಲ್ಲಿ ಆಕೆಗೆ ಸಿಕ್ಕಿದವನು ಈಗ ಆಸ್ಪತ್ರೆಯಲ್ಲಿದ್ದ. ಮೇಲಿನ ಕೋಣೆಯ ಮೇಜಿನ ಮೇಲಿಟ್ಟಿದ್ದ ಆತನ ಕಾರ್ನಿವಲ್ ಮುಖವಾಡವೂ ಕುರಿದೊಗಲೂ ಕಾಣೆಯಾಗಿದ್ದವು.

ಇನ್ಸ್‌ಪೆಕ್ಟರ್ ಎಫಿಸ್ಯು ಮುಲಾಸ್ ಎಫ್‌ಐಆರ್ ಬರೆಯುತ್ತ ಕೇಳಿದರು: "ನಿನ್ನೆಯೇ ಯಾಕೆ ಹುಡುಕ್ಲಿಲ್ಲ?"

"ಕಾರ್ನಿವಲ್ ದಿನ ಯಾವ ಗಂಡ ಮನೆಗೆ ಬರ್ತಾನೆ ಸಾಹೇಬ್ರೇ? ಮೆರವಣಿಗೇಲಿ ಕುಣೀತಿದ್ದ. ನಾನೇ ಚಪ್ಪಾಳೆ ತಟ್ಟಿದೆ."

"ಅದು ಬೇರೆಯವರು ಅಂತ ಗೊತ್ತಾಗ್ಲಿಲ್ವಾ?"

"ಬೆನ್ನಿಗೆ ಮೂವತ್ತು ಕಿಲೋ ಗಂಟೆ ಕಟ್ಟಿದ್ರೆ ಎಲ್ಲಾ ಗಂಡಸ್ರೂ ಕತ್ತೆ ಥರಾನೇ ನಡೀತಾರೆ."

೧೦.೩೦ಕ್ಕೆ ನೆಲಮಾಳಿಗೆಯ ಪಂಚನಾಮೆ ನಡೆಯಿತು. ಬಾಗಿಲು ಒಡೆದಿರಲಿಲ್ಲ. ವೇಷಧಾರಿಗಳಿಗೆ ಗಂಟೆ ಕಟ್ಟಿದವರ ಹೇಳಿಕೆಯಿಂದಲೂ ಪ್ರಯೋಜನವಾಗಲಿಲ್ಲ. ಮುಖವಾಡ ಧರಿಸಿ ಬಂದವರನ್ನು ಮಾತನಾಡಿಸುವುದು ಅಲ್ಲಿ ನಿಷಿದ್ಧ.

ಠಾಣೆಯಲ್ಲಿ ಕಾನ್‌ಸ್ಟೇಬಲ್ ಪುದ್ದು ತನ್ನ ಮೊಬೈಲಿನ ವಿಡಿಯೋ ತೋರಿಸಿದ. ಕಾಡುಪೇರಳೆ ಮರದಲ್ಲಿ ಕೆತ್ತಿದ ಹನ್ನೆರಡು ಕಪ್ಪು ಮುಖಗಳು, ಎರಡು ಸಾಲು. ಎಲ್ಲರೂ ಮೊದಲು ಬಲಹೆಗಲನ್ನು ಕುಲುಕುತ್ತಿದ್ದರು. ಎಡಸಾಲಿನ ಮೂರನೆಯ ಮುಖವಾಡ ಮಾತ್ರ ಮೊದಲು ಎಡಹೆಗಲನ್ನು ಕುಲುಕುತ್ತಿತ್ತು.

"ಕುಡ್ದಿರ್ಬೇಕು ಸಾರ್."

"ಕುಡ್ದೋನು ತಾಳ ತಪ್ತಾನೆ. ಇಲ್ಲಿ ತಾಳ ತಪ್ಪಿಲ್ಲ."

ಆ ಊರಿನ ಗಂಡುಮಕ್ಕಳು ತಂದೆಯ ಬೆನ್ನ ಹಿಂದೆ ನಿಂತು ಆ ಹೆಜ್ಜೆ ಕಲಿಯುತ್ತಾರೆ. ಮುಲಾಸರೂ ಹಾಗೆಯೇ ಕಲಿತಿದ್ದರು. ಇದಾದರೋ ಎದುರು ನಿಂತು, ಕನ್ನಡಿಯಲ್ಲಿ ಕಂಡಂತೆ ಕಲಿತ ಹೆಜ್ಜೆ. ಎದುರು ನಿಂತು ನೋಡುವವರು ಹೆಂಗಸರು.

"ಹೋದ ವರ್ಷ ಆ ಜಾಗ ಯಾರದ್ದು?"

"ಮಿಕೇಲಿದು. ಕಮರಿಗೆ ಬಿದ್ದು ತೀರಿಹೋದ್ನಲ್ಲ, ಬೊನಾರಿಯಾ ಚಿಕ್ಕಮ್ಮನ ಮಗ. ಈ ವರ್ಷ ಮೆರವಣಿಗೆ ಸಂಘದವರು ಅವನ ಜಾಗ, ಮುಖವಾಡ ಎರಡನ್ನೂ ಬಸ್ತ್ಯಾನುಗೆ ಕೊಟ್ರು." ಪುದ್ದು ಮೊಬೈಲನ್ನು ಕೆಳಗಿಟ್ಟ.

೧೨.೨೦ಕ್ಕೆ ಬೊನಾರಿಯಾ ಬಾಗಿಲು ತೆರೆದಳು. ಗಂಟೆಯ ಪಟ್ಟಿ ಒತ್ತಿ ಎರಡೂ ಹೆಗಲು ಬಾತಿದ್ದವು. ಮುಖವಾಡ ಮೇಜಿನ ಮೇಲಿತ್ತು.

"ಚಿಕ್ಕಮ್ಮಾ, ಬಸ್ತ್ಯಾನುನ ಯಾಕೆ ಬಿಡ್ಲಿಲ್ಲ?"

"ಸಾಯಂಕಾಲ ಚಿಲಕ ತೆಗೀಬೇಕು ಅಂತಿದ್ದೆ. ಬಂದು ಕೂತೆ. ಮರ್ತೇ ಹೋಯ್ತು."

"ಮುಖವಾಡ ಕೇಳಿದ್ರೆ ಸಂಘದವರು ಕೊಡ್ತಿರ್ಲಿಲ್ವಾ?"

"ಗೋಡೆಗೆ ತೂಗ್ಹಾಕೋಕೆ ಹೊಸದೊಂದು ಕೆತ್ತಿಸಿಕೊಡ್ತೀವಿ ಅಂದ್ರು. ಮಿಕೇಲಿ ಬೆವರಿನ ವಾಸನೆ ಇದ್ದಿದ್ದು ಇದರೊಳಗೆ. ಬಸ್ತ್ಯಾನು ಹಾಕ್ಕೊಂಡ್ರೆ ಅದೂ ಹೋಗುತ್ತೆ ಅಂತ ನಾನೇ ಹಾಕ್ಕೊಂಡೆ."

ಬಂಧನದ ಕಾಗದಕ್ಕೆ ಆಕೆ ಓದದೆಯೇ ಸಹಿ ಹಾಕಿದಳು. ಪುದ್ದು ಮುಖವಾಡವನ್ನು ಚೀಲಕ್ಕೆ ಇಳಿಸುವಾಗ ಅವನ ಕೈಯನ್ನೇ ನೋಡುತ್ತ ಹೇಳಿದಳು:

"ಬೇಕಾದ್ರೆ ಮೂಸಿ ನೋಡು, ಎಫಿಸ್ಯು. ಮೆರವಣಿಗೆ ಚರ್ಚ್ ಮುಟ್ಟೋ ಹೊತ್ತಿಗೆ ಬರೀ ನನ್ನ ಬೆವರೇ ಆಗ್ಬಿಟ್ಟಿತ್ತು."

ಮುಲಾಸರು ಮೂಸಲಿಲ್ಲ. ಚೀಲದ ಬಾಯಿಗೆ ಅರಗು ಒತ್ತಿ, ಸಮಯ ಬರೆದರು: ೧೨.೫೫.