ನಮ್ಮಲ್ಲಿ ರೋಸ್ ಉಂಟು

"ಕೈ ತೆಗೀರಿ! ಆ ಕಾರಿನ ಮೇಲಿಂದ ಮೊದಲು ಕೈ ತೆಗೀರಿ!"

ಜೆನಿಟಾಳ ಕೂಗಿಗೆ ಹಲಸಿನ ಮರದ ಕಾಗೆಗಳೂ ಹಾರಿಹೋದವು. ಹಿತ್ತಿಲಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದವಳು ಕತ್ತಿ ಹಿಡಿದುಕೊಂಡೇ ಓಡಿ ಬಂದಿದ್ದಳು. ಕೈಗೆಲ್ಲ ಮೀನಿನ ಹುರುಪೆ ಮೆತ್ತಿಕೊಂಡಿತ್ತು.

ಶೆಡ್ಡಿನಲ್ಲಿ ನಿಂತಿದ್ದ ಅಪರಿಚಿತ ಎರಡೂ ಕೈ ಮೇಲೆತ್ತಿಬಿಟ್ಟ.

"ಕತ್ತಿ ಕೆಳಗಿಡಿ ಮಾರಾಯ್ರೆ! ನಾನು ಕಳ್ಳ ಅಲ್ಲ. ಕಾರು ನೋಡ್ಲಿಕ್ಕೆ ಬಂದದ್ದು."

"ನೋಡ್ಲಿಕ್ಕೆ ಯಾರು ಹೇಳಿದ್ದು?"

"ಮಾರ್ಲಿಕ್ಕುಂಟು ಅಂತ ಜಾಹೀರಾತು ಹಾಕಿದ್ದೀರಲ್ವಾ? ಕಾರ್ಲ್ಟನ್ ಅಂತ ಹೆಸರು ಉಂಟು ಅದರಲ್ಲಿ."

ಕಾರ್ಲ್ಟನ್! ಮಸ್ಕತ್‌ನಲ್ಲಿ ಕೂತ ಅವಳ ತಮ್ಮ, ಅಕ್ಕನಿಗೆ ಒಂದು ಮಾತೂ ಹೇಳದೆ ಡ್ಯಾಡಿಯ ಕಾರನ್ನು ಮಾರಲು ಹೊರಟಿದ್ದ.

ಜೆನಿಟಾಳ ಕಣ್ಣು ತುಂಬಿ ಬಂತು. ಹೊರಗಿನವನ ಎದುರು ಅಳಬಾರದೆಂದು ತುಟಿ ಕಚ್ಚಿಕೊಂಡಳು. ಆದರೂ ಒಂದು ಹನಿ ಜಾರಿಯೇಬಿಟ್ಟಿತು!

"ಇದು ಮಾರ್ಲಿಕ್ಕಿಲ್ಲ. ನೀವು ಹೋಗಿ."

ಅವನು ಹೋಗಲಿಲ್ಲ. ಬಗ್ಗಿ ಸೀಟಿನ ಕೆಳಗಿನ ಮ್ಯಾಟ್ ಎತ್ತಿದ. ಕೆಳಗೆ ಕಪ್ಪು ನೀರು ನಿಂತಿತ್ತು.

"ಮಾರುವುದು ಬೇಡ. ಆದರೆ ಇದು ಹೀಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ನೆಲ ಪೂರ್ತಿ ತುಕ್ಕು ಹಿಡಿದು ಉದುರ್ತದೆ ಮೇಡಂ. ಮೇಲಿನ ಬಟ್ಟೆ ಹುಡ್ಡಿನ ನೀರು ಹೊರಗೆ ಹೋಗುವ ತೂತು ಬ್ಲಾಕ್ ಆಗಿದೆ. ಒಂದು ಗಂಟೆ ಕೊಡ್ತೀರಾ? ಸರಿ ಮಾಡಿ ಹೋಗ್ತೇನೆ."

'ಇವನಿಗೆ ಯಾಕೆ ಬೇಕು ಇದೆಲ್ಲ?' ಎಂದುಕೊಂಡಳು. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಅವನ ಹೆಸರು ರೂಪೇಶ್. ಉಚ್ಚಿಲದಲ್ಲಿ ಅವನದ್ದೊಂದು ಐಸ್ ಪ್ಲಾಂಟ್ ಇತ್ತು. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ಅವನ ಸ್ವಂತ ಮದುವೆಯ ವಯಸ್ಸು ಸದ್ದಿಲ್ಲದೆ ಜಾರಿಹೋಗಿತ್ತು. ಹಳೆ ಕಾರುಗಳೆಂದರೆ ಮಾತ್ರ ಹುಚ್ಚು.

ಇನ್ನು ನಮ್ಮ ಜೆನಿಟಾ. ಮಣಿಪಾಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮಮ್ಮಿ ಬೇಗ ತೀರಿಕೊಂಡರು. ಆಮೇಲೆ ಡ್ಯಾಡಿ ಲೂಯಿಸ್ ಹಾಸಿಗೆ ಹಿಡಿದರು. ಬಂದ ಸಂಬಂಧಗಳಿಗೆಲ್ಲ "ಡ್ಯಾಡಿ ಹುಷಾರಾಗಲಿ" ಎಂದಳು. ಡ್ಯಾಡಿ ಹುಷಾರಾಗಲಿಲ್ಲ, ಸಂಬಂಧಗಳು ಬರುವುದು ನಿಂತಿತು. ಈಗ ಡ್ಯಾಡಿಯೂ ಇಲ್ಲ. ಕಾಪುವಿನ ಆ ಮನೆಯಲ್ಲಿ ಅವಳು, ಮತ್ತು ಸೋರುವ ಶೆಡ್ಡಿನಲ್ಲಿ ಈ ಎರಡೇ ಸೀಟಿನ, ಬಟ್ಟೆಯ ಹುಡ್ ಮಡಚಿ ತೆರೆಯುವ ಕೆಂಪು ಕಾರು. ಡ್ಯಾಡಿ ಬಹರೈನ್‌ನಿಂದ ಬಂದ ಮೇಲೆ ಮುಂಬೈಯಲ್ಲಿ ಆಸೆಪಟ್ಟು ಕೊಂಡದ್ದು.

"ಕಾರ್ಲ್ಟನ್‌ನ ಮದುವೆ ಈ ಕಾರಿನಲ್ಲಿಯೇ ಆಗ್ಬೇಕು" ಎಂದು ಡ್ಯಾಡಿ ಹಾಸಿಗೆಯಲ್ಲಿ ಹೇಳುತ್ತಿದ್ದರು. ಅವರಿಗೆ ಗಂಜಿ ಕುಡಿಸುತ್ತಾ ಅವಳು ಕೇಳುತ್ತಿದ್ದಳು. 'ನನ್ನ ಮದುವೆಯ ಬಗ್ಗೆ ಒಂದು ಸಲವಾದರೂ ಹೇಳಬಾರದಾ ಡ್ಯಾಡಿ?' ಎಂದು ಬಾಯಿ ತುದಿಯವರೆಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದಳು.

ರೂಪೇಶ್ ಆ ದಿನ ದಪ್ಪ ನೈಲಾನ್ ಬಲೆದಾರ ತೂರಿಸಿ ಸೀಟಿನ ಹಿಂದಿನ ಕೊಳವೆಗಳಿಂದ ಕೊಳೆತ ಹಲಸಿನೆಲೆಗಳನ್ನೆಲ್ಲ ಹೊರಗೆಳೆದ. ಕಾರಿನಡಿಯಿಂದ ನೀರು ದಬದಬನೆ ಸುರಿಯಿತು. ಅವನು ಚಿಕ್ಕ ಮಕ್ಕಳಂತೆ ಚಪ್ಪಾಳೆ ತಟ್ಟಿದ! ಬಹಳ ಕಾಲದ ಮೇಲೆ ಜೆನಿಟಾಳಿಗೆ ನಗು ಬಂತು.

"ಮುಂದಿನ ಭಾನುವಾರ ಬ್ರೇಕ್ ನೋಡುವ" ಎಂದ.

"ಮಾರುವುದಿಲ್ಲ ಅಂತ ಹೇಳಿದೆ ಅಲ್ವಾ?"

"ಗೊತ್ತುಂಟು. ಬರುವುದಾ ಬೇಡವಾ, ಅದು ಹೇಳಿ."

"...ಚರ್ಚಿನ ಪೂಜೆ ಮುಗಿಸಿ ನಾನು ಬರುವಾಗ ಒಂಬತ್ತು ಗಂಟೆ ಆಗ್ತದೆ."

ಹಾಗೆ ಶುರುವಾದವು ಆ ಭಾನುವಾರಗಳು. ಡ್ಯಾಡಿಯ ಆಸೆ ನೆನಪಿಸಿ ಕಾರ್ಲ್ಟನ್‌ನಿಂದ ಜಾಹೀರಾತನ್ನೂ ತೆಗೆಸಿದಳು.

ಜೆನಿಟಾ ಇಗರ್ಜಿಯಿಂದ ಬಂದು ಹಳೆ ನೈಟಿಯ ಮೇಲೆ ಡ್ಯಾಡಿಯ ಅಂಗಿ ಹಾಕಿಕೊಂಡು ಶೆಡ್ಡಿಗೆ ಇಳಿಯುತ್ತಿದ್ದಳು. ಅವನು ಜಾಮ್ ಆಗಿದ್ದ ಬ್ರೇಕ್ ಬಿಚ್ಚಿದರೆ ಅವಳು ತುಕ್ಕು ಉಜ್ಜುತ್ತಿದ್ದಳು. ಅವನು ಪ್ರೈಮರ್ ಬಳಿದರೆ ಅವಳು ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಗ್ರೀಸ್ ಹಚ್ಚುತ್ತಿದ್ದಳು. ಉಡುಪಿಯಿಂದ ಹೊಸ ಬ್ಯಾಟರಿ ಬಂತು, ಮುಂದಿನ ದೀಪಗಳಿಗೆ ಎಲ್‌ಇಡಿ ಬಂತು. ಹುಡ್ಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಒಡೆದಿತ್ತು. ಮಮ್ಮಿಯ ಹೊಲಿಗೆ ಮೆಷಿನ್ನಿನಲ್ಲಿ ಜೆನಿಟಾಳೇ ಹೊಸದನ್ನು ಹೊಲಿದಳು. ದಪ್ಪ ಬಟ್ಟೆಗೆ ಸೂಜಿಗಳು ಪಟಪಟನೆ ಮುರಿದವು. ಅವನು ಪಕ್ಕದಲ್ಲಿ ಕೂತು ಬಟ್ಟೆ ಎಳೆದು ಹಿಡಿದುಕೊಂಡ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಏನೂ ಆಗದವರಂತೆ ಬಟ್ಟೆಯನ್ನೇ ನೋಡಿದರು!

"ಒಂದು ಕೇಳ್ಲಾ?" ಎಂದ ಅವನು ಒಮ್ಮೆ. "ಇಡೀ ಉಚ್ಚಿಲ ನನ್ನನ್ನು ರೂಪೇಶಣ್ಣ ಅಂತದೆ. ನೀವು ಯಾಕೆ ಅಣ್ಣ ಅನ್ನುವುದಿಲ್ಲ?"

ಜೆನಿಟಾಳ ಕೆನ್ನೆ ಕೆಂಪಾಯಿತು. "ಅನ್ಬೇಕಾ?"

"ಬೇಡ ಬೇಡ!" ಎಂದು ಗಾಬರಿಯಲ್ಲಿ ಎದ್ದವನ ತಲೆಗೆ ಬಾನೆಟ್ ಬಡಿಯಿತು.

ಆ ದಿನ ಪೂರ್ತಿ ಅವಳು ಒಳಗೊಳಗೇ ನಕ್ಕಳು. ರಾತ್ರಿಯ ಪ್ರಾರ್ಥನೆಯಲ್ಲಿ ಮೊದಲ ಸಲ ತನಗಾಗಿ ಒಂದನ್ನು ಬೇಡಿಕೊಂಡಳು. 'ದೇವರೇ, ಇವನು ಹೋಗದಿರಲಿ.' ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಎಲ್ಲ ಕೆಟ್ಟದ್ದು ಒಂದೇ ಮಾತಿನಿಂದ.

"ಇಷ್ಟು ಅವಸರ ಮಾಡ್ತೀರಲ್ವಾ, ಕಾರು ಯಾವಾಗಕ್ಕೆ ಓಡ್ಬೇಕು?" ಎಂದು ರೂಪೇಶ್ ಕೇಳಿದ.

"ಮೇ ತಿಂಗಳಲ್ಲಿ ನಮ್ಮಲ್ಲಿ ರೋಸ್ ಉಂಟು. ಅದಕ್ಕಿಂತ ಮೊದಲು."

ರೋಸ್ ಅಂದರೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದುಮಗ ಅಥವಾ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಕರಾವಳಿಯಲ್ಲಿ ಹುಟ್ಟಿದ ರೂಪೇಶನಿಗೆ ಅದು ಗೊತ್ತಿತ್ತು. ಅವಳ ನೆರೆಯವನೋ ನೆಂಟನೋ ಆಗಿದ್ದರೆ ಮದುವೆ ತಮ್ಮನದ್ದೆಂದೂ ಗೊತ್ತಿರುತ್ತಿತ್ತು. ಆ ಮಾತು ಹೇಳುವಾಗ ಜೆನಿಟಾ ತಲೆ ತಗ್ಗಿಸಿದ್ದಳು, ದನಿ ಸಣ್ಣಗಾಗಿತ್ತು. ತಮ್ಮನ ರೋಸಿನಲ್ಲಿ ನೆಂಟರೆಲ್ಲ "ನಿನ್ನದು ಯಾವಾಗ?" ಎಂದು ಕೇಳುತ್ತಾರೆಂಬ ಹೆದರಿಕೆ ಅವಳಿಗೆ. ಅವನು ಅದನ್ನು ಮದುಮಗಳ ನಾಚಿಕೆ ಎಂದುಕೊಂಡ!

"ಯಾರದ್ದು?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳಲಿಲ್ಲ. "ಒಳ್ಳೆಯದಾಯ್ತು" ಎಂದ. ಸ್ಪ್ಯಾನರ್ ಎತ್ತಿಕೊಂಡು ಕಾರಿನಡಿಗೆ ಹೋದ, ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದರ ಮುಂದಿನ ಭಾನುವಾರ ಹುಡ್ ಕೂರಿಸುವ ಕೆಲಸ. ಡ್ಯಾಡಿಯ ತಂಗಿ ಸೆಲೀನ್ ಆಂಟಿ ಬೆಳಿಗ್ಗೆಯೇ ಒಂದು ಪೊಟ್ಟಣ ಕೊಟ್ಟು ಹೋಗಿದ್ದರು. ಗಂಡಿನ ಮನೆಯವರು ಮದುಮಗಳಿಗೆ ಕೊಡುವ ಕೆಂಪು ಸೀರೆ. ಕಾರ್ಕಳದ ಹುಡುಗಿಗೆ, ಕಾರ್ಲ್ಟನ್‌ನ ಹೆಂಡತಿಯಾಗುವವಳಿಗೆ.

ಮಧ್ಯಾಹ್ನ ಚಹಾ ಮಾಡಲು ಒಳಗೆ ಹೋದ ಜೆನಿಟಾ ಆ ಪೊಟ್ಟಣದ ಮುಂದೆ ನಿಂತುಬಿಟ್ಟಳು. ಮನೆಯಲ್ಲಿ ಯಾರೂ ಇರಲಿಲ್ಲ. ಗ್ರೀಸ್ ಹತ್ತಿದ ಕೈಯನ್ನು ಸೋಪು ಹಾಕಿ ಎರಡೆರಡು ಸಲ ತೊಳೆದಳು. ಸೀರೆ ಬಿಡಿಸಿದಳು. ಸೆರಗನ್ನು ತಲೆಯ ಮೇಲಿಂದ ಹೊದ್ದು ಕನ್ನಡಿಯ ಮುಂದೆ ನಿಂತಳು.

'ಚಂದ ಕಾಣ್ತೇನೆ...' ಎನಿಸಿತು. ಮರುಗಳಿಗೆಯೇ ಅಳು ಒತ್ತರಿಸಿ ಬಂತು. ತಮ್ಮನ ಹೆಂಡತಿಯ ಸೀರೆ ಕದ್ದು ಉಟ್ಟು ನೋಡುವ ಗತಿ ಬಂತಲ್ಲ ತನಗೆ! ಅವಸರದಲ್ಲಿ ಮಡಚಿಟ್ಟಳು.

ಕಿಟಕಿಯಾಚೆ, ಸ್ಕ್ರೂ ಡ್ರೈವರ್ ಕೇಳಲು ಬಂದ ರೂಪೇಶ್ ಸೀರೆ ಹೊದ್ದದ್ದನ್ನು ಮಾತ್ರ ನೋಡಿದ. ಅಳುವವರೆಗೆ ಅವನು ನಿಲ್ಲಲಿಲ್ಲ.

ಚಹಾ ಹಿಡಿದು ಹೊರಗೆ ಬಂದಾಗ ಶೆಡ್ಡಿನಲ್ಲಿ ಕಾರು ಒಂದೇ ಇತ್ತು. ಹುಡ್ ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಮೊಬೈಲಿನಲ್ಲಿ ಮೆಸೇಜ್ ಬಂದಿತ್ತು.

"ಕಾರಿನ ಕೆಲಸ ಮುಗಿಯಿತು. ಇನ್ನು ನನ್ನ ಅಗತ್ಯ ಇಲ್ಲ. ನಿಮಗೆ ಒಳ್ಳೆಯದಾಗಲಿ."

ಅಷ್ಟೇನಾ? ಕೆಲಸ ಮುಗಿಯಿತು... ಅಷ್ಟೇನಾ?

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ. ಮದುವೆಯ ಕಾರ್ಡನ್ನು ಅವನ ಕೈಯಲ್ಲೇ ಕೊಡಬೇಕೆಂದು ಇಟ್ಟುಕೊಂಡಿದ್ದಳು. ಅದು ಕಪಾಟಿನ ಮೇಲೆಯೇ ಉಳಿಯಿತು. ಕಡೆಗೆ ನಾಚಿಕೆ ಬಿಟ್ಟು ಫೋನ್ ಮಾಡಿದಳು.

"ಎಂತ ಆಯ್ತು? ಯಾಕೆ ಬರುವುದಿಲ್ಲ?"

"ಪ್ಲಾಂಟಿನಲ್ಲಿ ಕೆಲಸ ಉಂಟು."

"ರೋಸಿಗಾದರೂ ಬನ್ನಿ."



"ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಜೆನಿಟಾ."

ಫೋನ್ ಕಟ್ಟಾಯಿತು. 'ಅದನ್ನು' ಅಂದರೆ ಯಾವುದನ್ನು? ಅವಳ ಬುದ್ಧಿಗೆ ಹೊಳೆದದ್ದು ಒಂದೇ. ಕಾರನ್ನು! ತಾನು ಕೈಯಾರೆ ಕಟ್ಟಿದ ಕಾರು ಬೇರೆಯವರ ಮದುವೆಗೆ ಹೂ ಮುಡಿದು ಹೋಗುವುದನ್ನು ಅವನಿಂದ ನೋಡಲಾಗದು. ಅವನು ಮೊದಲ ದಿನ ಬಂದದ್ದೂ ಕಾರಿಗಾಗಿಯೇ ಅಲ್ಲವೇ? ನನಗಾಗಿ ಯಾರು ಬರುತ್ತಾರೆ?

ಅವಳು ಊಟ ಬಿಟ್ಟಳು. ಲ್ಯಾಬಿನಲ್ಲಿ ಮಾತು ಬಿಟ್ಟಳು. ರಾತ್ರಿಯ ಪ್ರಾರ್ಥನೆಯಲ್ಲಿ ಏನು ಕೇಳಬೇಕೆಂದೇ ತಿಳಿಯದೆ ಸುಮ್ಮನೆ ಕೂತಳು.

ರೋಸಿನ ಸಂಜೆ ಮನೆ ತುಂಬ ಜನ. ಚಪ್ಪರದಡಿ ಕೂತ ಕಾರ್ಲ್ಟನ್‌ನ ತಲೆಗೆ ಅವಳೂ ತೆಂಗಿನ ಹಾಲು ಹೊಯ್ದಳು. ಹಾಲು ಅವನ ಹಣೆಯಿಂದ ಇಳಿಯಿತು. ಅವನು ನಗುತ್ತಿದ್ದ. ಹೆಂಗಸರು ಹಾಡುತ್ತಿದ್ದರು.

"ಜೆನಿ, ನಿನ್ನದು ಯಾವಾಗ?" ಎಂದು ಯಾರೋ ಕೇಳಿದರು.

"ಇನ್ನು ಇವಳದ್ದು ಎಂತದು!" ಸೆಲೀನ್ ಆಂಟಿ ನಕ್ಕರು. "ತಮ್ಮನ ಮಕ್ಕಳನ್ನು ನೋಡಿಕೊಂಡು ಇರ್ತಾಳೆ, ಅಲ್ವಾ ಜೆನಿ?"

"ಹೌದು ಆಂಟಿ" ಎಂದಳು. ಬಾಯಿ ನಕ್ಕಿತು. ಎದೆಯೊಳಗೆ ಯಾವುದೋ ಒಂದು ಪೂರ್ತಿ ಸತ್ತುಹೋಯಿತು.

ಮರುದಿನ ಕೆಂಪು ಕಾರು ಕಾರ್ಕಳದ ಇಗರ್ಜಿಯ ಮುಂದೆ ನಿಂತಿತು. ಹುಡ್ ತೆರೆದಿತ್ತು. ಮದುಮಕ್ಕಳು ಹೊರಟಾಗ ಎಲ್ಲರೂ ಫೋಟೋ ತೆಗೆದರು. ಜೆನಿಟಾ ಗೇಟಿನ ಪಕ್ಕ ನಿಂತು ಕೈಬೀಸಿದಳು.

"ಈ ಕಾರು ನಿನಗೇ ಜೆನಿ, ಎಂತ ಬೇಕಾದರೂ ಮಾಡು" ಎಂದ ಕಾರ್ಲ್ಟನ್, ಮದುವೆಯ ಮಾರನೆ ಬೆಳಿಗ್ಗೆ.

ಅವಳಿಗೆ ಮಾಡಬೇಕಾದದ್ದು ಗೊತ್ತಿತ್ತು. ಬಾನೆಟ್ಟಿನ ಬಾಡಿದ ಹೂಗಳನ್ನು ಕೀಳುವಷ್ಟೂ ತಾಳ್ಮೆ ಇರಲಿಲ್ಲ. ಹಾಗೆಯೇ ಹೈವೇಗೆ ಹತ್ತಿಸಿದಳು. 'ಅವನಿಗೆ ಬೇಕಾದದ್ದು ಇದೇ ತಾನೇ? ಕೊಟ್ಟುಬಿಡುತ್ತೇನೆ. ಅವನಾದರೂ ಖುಷಿಯಾಗಿರಲಿ.' ಕಣ್ಣೀರಿಗೆ ಉಚ್ಚಿಲದವರೆಗಿನ ರಸ್ತೆ ಪೂರ್ತಿ ಕಲಸಿದಂತೆ ಕಂಡಿತು.

ಐಸ್ ಪ್ಲಾಂಟಿನ ಅಂಗಳದಲ್ಲಿ ಮೀನಿನ ಲಾರಿಗೆ ಐಸ್ ತುಂಬುತ್ತಿದ್ದರು. ರೂಪೇಶ್ ಸೊರಗಿದ್ದ, ಗಡ್ಡ ಬಿಟ್ಟಿದ್ದ. ಕಾರು ನೋಡಿದ, ಹೂ ನೋಡಿದ, ಕಡೆಗೆ ಅವಳನ್ನು ನೋಡಿದ.

"ತಕ್ಕೊಳ್ಳಿ" ಎಂದು ಜೆನಿಟಾ ಕೀ ಚಾಚಿದಳು. "ನಿಮಗೆ ಬೇಕಾದ ಕಾರು. ಇನ್ನು ನಿಮ್ಮದೇ."

ಅವನು ಕೀ ಮುಟ್ಟಲಿಲ್ಲ. "ಯಜಮಾನ್ರು ಬರ್ಲಿಲ್ವಾ?"

"ಯಾವ ಯಜಮಾನ್ರು?"

"ನಿಮ್ಮ... ನಿನ್ನೆ ಮದುವೆ ಅಲ್ವಾ ನಿಮ್ಮದು?"



"ನನ್ನದಾ?! ನನ್ನ ತಮ್ಮಂದು! ಕಾರ್ಲ್ಟನ್‌ದು!"

"ನಮ್ಮಲ್ಲಿ ರೋಸ್ ಉಂಟು ಅಂತ ಹೇಳಿದ್ದು ನೀವಲ್ವಾ?"

"ನಮ್ಮಲ್ಲಿ ಅಂದರೆ ನಮ್ಮ ಮನೆಯಲ್ಲಿ! ನನಗೆ ಅಂತ ಯಾವಾಗ ಹೇಳಿದೆ?"

"ಮತ್ತೆ ಆ ದಿನ ಕೆಂಪು ಸೀರೆ ಹೊದ್ದು ಕನ್ನಡಿ ಮುಂದೆ... ನಾನು ನೋಡಿದೆ ಜೆನಿಟಾ."

ನೋಡಿದನೇ? ಅದನ್ನೂ ನೋಡಿಬಿಟ್ಟನೇ! ಅವಳಿಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ಇಷ್ಟು ದಿನ ಬಿಗಿಹಿಡಿದದ್ದೆಲ್ಲ ಆ ಅಂಗಳದಲ್ಲಿ, ಲಾರಿಯವರ ಎದುರಿಗೇ ಒಡೆದುಹೋಯಿತು.

"ಅದು ತಮ್ಮನ ಹೆಂಡತಿಯ ಸೀರೆ. ನನಗೆ ಅಂತ ಯಾರೂ ತರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಒಂದು ಸಲ ಹಾಕಿ ನೋಡಿದೆ. ಅಷ್ಟೇ... ಅಷ್ಟೇ ರೂಪೇಶ್!"

ಅವನ ಕಣ್ಣೂ ತುಂಬಿತು. ಕೈಯಲ್ಲಿದ್ದ ಐಸ್ ಕೊಕ್ಕೆ ಕೆಳಗೆ ಬಿತ್ತು.

"ಕಾರಿಗಾಗಿ ಬಂದದ್ದು ಮೊದಲ ಭಾನುವಾರ ಒಂದೇ. ಉಳಿದ ಭಾನುವಾರ ಎಲ್ಲ ನಿಮ್ಮನ್ನು ನೋಡ್ಲಿಕ್ಕೆ ಬಂದದ್ದು. ಬ್ರೇಕ್ ಒಂದೇ ದಿನದ ಕೆಲಸ. ನಾನು ಬೇಕಂತಲೇ ಮೂರು ವಾರ ಮಾಡಿದೆ."

"ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೆದರಿಕೆ. ಧರ್ಮ ಬೇರೆ ಬೇರೆ ಅಲ್ವಾ? ನಮ್ಮ ಅಮ್ಮ ಎಂತ ಹೇಳ್ತಾರೋ, ನಿಮ್ಮ ಇಗರ್ಜಿಯವರು ಎಂತ ಹೇಳ್ತಾರೋ... ಈಗಲೂ ಉಂಟು ಆ ಹೆದರಿಕೆ. ಎರಡೂ ಕಡೆ ಗಲಾಟೆ ಆಗ್ತದೆ ಜೆನಿಟಾ."

"ಆಗ್ಲಿ. ಯಾರೂ ಕೇಳದೆ ಇರುವುದಕ್ಕಿಂತ ದೊಡ್ಡದು ಎಂತ ಉಂಟು?"

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಹಾಗಾದರೆ ನಾನು ಕೇಳ್ತೇನೆ. ನನ್ನನ್ನು ಮದುವೆ ಆಗ್ತೀರಾ?"

ಅವಳು ಹೌದೆಂದು ತಲೆಯಾಡಿಸಿದಳು. ಲಾರಿಯವರು ಐಸ್ ತುಂಬುವುದನ್ನು ಬಿಟ್ಟು ನೋಡುತ್ತಿದ್ದರು. ನೋಡಲಿ ಬಿಡಿ!

"ಅಳಬೇಡಿ ಮಾರಾಯ್ರೆ."

"ಅಳ್ತೇನೆ. ಇಷ್ಟು ವರ್ಷ ಒಬ್ಬಳೇ ಅತ್ತದ್ದು. ಇವತ್ತು ನೀವಿದ್ದೀರಿ ಅಲ್ವಾ?"

"ಇದ್ದೇನೆ" ಎಂದ ರೂಪೇಶ್.