ಅಕ್ಕನ ಶೂ ನಡೆದ ದಾರಿ

ಶೂಗಳನ್ನು ಕೈಗೆ ತೆಗೆದುಕೊಂಡವಳು ಬೋರಲು ಮಾಡಿ ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಇದರ ಹಳೆ ಸೋಲ್ ಎಲ್ಲಿ?"

ಶೂ ರಿಪೇರಿಯವನು ಇನ್ನೂ ನಗುತ್ತಲೇ ಇದ್ದ. ಹೊಗಳಿಕೆಗೆ ಕಾದು ನಿಂತವನ ನಗು ಅದು.

"ಎರಡೂ ಬದಲಾಯಿಸಿಬಿಟ್ಟೆ. ಬಲಗಾಲಿಂದು ಒಂದು ಕಡೆ ಪೂರ್ತಿ ಸವೆದಿತ್ತು. ದುಡ್ಡೇನೂ ಬೇಡ, ಯಾತ್ರೆಗೆ ಹೊರಟವರು ನೀವು."

"ಹಳೇದು ಎಲ್ಲಿ ಅಂತ ಕೇಳಿದೆ."

"ಬೆಳಿಗ್ಗೆ ಕಸದ ಗಾಡಿ ಬಂದಿತ್ತು..."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಅಂಟಿನ ಡಬ್ಬಿ, ಗೋಡೆಗೆ ತೂಗುಹಾಕಿದ ಚರ್ಮದ ತುಂಡುಗಳು, ಮೇಜಿನ ಮೇಲಿನ ಸುತ್ತಿಗೆ, ಎಲ್ಲವೂ ಒಮ್ಮೆ ಮಸುಕಾದವು.

ಅದು ಅವಳ ಅಕ್ಕನ ಶೂ. ಎರಡು ವರ್ಷದ ಹಿಂದೆ ಅಕ್ಕ ಇದೇ ಬೆಟ್ಟದ ದೇವರ ಯಾತ್ರೆಗೆ ಹೊರಟು, ಅರ್ಧ ದಾರಿಯಲ್ಲಿ ಕಾಯಿಲೆ ಬಿದ್ದು ಮನೆಗೆ ಮರಳಿದ್ದಳು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಕೊನೆಯ ದಿನಗಳಲ್ಲೂ ಅವಳಿಗೆ ತಮಾಷೆಯೇ. "ದೇವರಿಗೆ ನಾನು ಬೇಡವಾದ್ರೆ ಬೇಡ ಪುಟ್ಟಿ, ನನ್ನ ಶೂ ಆದ್ರೂ ಬೆಟ್ಟದ ಬುಡದ ತನಕ ಹೋಗ್ಲಿ" ಎಂದಿದ್ದಳು. ಮೂವತ್ತು ದಾಟಿದ ತಂಗಿ ಅಕ್ಕನ ಬಾಯಲ್ಲಿ ಕೊನೆಯವರೆಗೂ ಪುಟ್ಟಿಯೇ ಆಗಿದ್ದಳು.

ಪುಟ್ಟಿ ಮಾತು ಕೊಟ್ಟಿದ್ದಳು. ಟೈಲರ್ ಅಂಗಡಿಗೆ ಒಂದು ತಿಂಗಳು ಬೀಗ ಹಾಕಿ, ಅಕ್ಕ ಯಾತ್ರೆ ನಿಲ್ಲಿಸಿದಲ್ಲಿಂದಲೇ ನಡೆಯಲು ಶುರು ಮಾಡಿದ್ದಳು.

"ನಾನು ಹೇಳಿದ್ದು ಲೇಸ್ ಹಾಕೋ ತೂತು ಒಂದನ್ನ ಸರಿ ಮಾಡಿ ಅಂತ. ಸೋಲ್ ಮುಟ್ಟಿ ಅಂದಿದ್ನಾ?"

"ನೀವು ನಿನ್ನೆ ಸಂಜೆ ಕುಂಟ್ಕೊಂಡು ಬಂದ್ರಿ. ನೋಡಿದ್ರೆ ಸೋಲ್ ಹಾಗಿತ್ತು. ಅದಕ್ಕೇ..."

"ನಮ್ಮಕ್ಕ ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದು ಕಾಲು ಊನ ಆಗಿತ್ತು. ಆ ಸವೆದದ್ದು ಅವಳ ಹೆಜ್ಜೆ. ಅವಳದ್ದು ಅಂತ ನನ್ನ ಹತ್ರ ಉಳಿದಿದ್ದು ಅದೊಂದೇ." ಅವಳು ಹೊಸ ಸೋಲಿನ ಮೇಲೆ ಬೆರಳಾಡಿಸಿದಳು. "ಹದಿನಾಲ್ಕು ವರ್ಷದಿಂದ ಬೇರೆಯವರ ಬಟ್ಟೆ ಹೊಲೀತಿದ್ದೀನಿ. ಕೇಳದೆ ಒಂದೇ ಒಂದು ಹೊಲಿಗೆ ಬಿಚ್ಚಿಲ್ಲ ನಾನು."

ಅವನ ನಗು ಎಲ್ಲಿ ಹೋಯಿತೋ. ಅವಳು ಶೂ ಹಾಕಿಕೊಂಡು, ಲೇಸನ್ನು ಕತ್ತು ಹಿಸುಕುವಂತೆ ಬಿಗಿದು, ಹಿಂತಿರುಗಿಯೂ ನೋಡದೆ ಹೊರಟುಹೋದಳು.

ಮೊದಲ ದಿನವಿಡೀ ಅವನಿಗೆ ಶಾಪ ಹಾಕುತ್ತಲೇ ನಡೆದಳು. ಊರು ಹಿಂದೆ ಬಿತ್ತು, ಹೊಲಗಳು ಬಂದವು, ದಾರಿ ನಿಧಾನಕ್ಕೆ ಏರತೊಡಗಿತು.

ಎರಡನೆಯ ದಿನ ಮಧ್ಯಾಹ್ನ ಒಂದು ಸಂಗತಿ ಗಮನಕ್ಕೆ ಬಂತು. ಮೊಣಕಾಲು ನೋಯುತ್ತಿಲ್ಲ! ಹತ್ತು ದಿನದಿಂದ ಹಲ್ಲು ಕಚ್ಚಿ ಸಹಿಸಿದ ನೋವು ಹೇಳಹೆಸರಿಲ್ಲದೆ ಹೋಗಿತ್ತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ನೋವೂ ಹೋದ ಮೇಲೆ ಅಕ್ಕ ನನ್ನ ಜೊತೆ ಇದ್ದಾಳೆ ಅಂತ ಗೊತ್ತಾಗುವುದು ಹೇಗೆ...

ಮೂರನೆಯ ದಿನ ಮರದ ನೆರಳಲ್ಲಿ ಕುಳಿತು ನೀರು ಕುಡಿಯುವಾಗ, ಎಷ್ಟೋ ವರ್ಷದಿಂದ ಮರೆತೇಹೋಗಿದ್ದದ್ದು ನೆನಪಾಯಿತು. ಆಗ ಅವಳಿಗೆ ಐದು ವರ್ಷ. ಅಕ್ಕ ಮಾಡುವುದೆಲ್ಲ ತಾನೂ ಮಾಡಬೇಕೆಂಬ ಹಟ. ಒಂದು ದಿನ ಅಕ್ಕನ ಹಿಂದೆ ಅಕ್ಕನ ಹಾಗೆಯೇ ಕುಂಟುತ್ತ ಮನೆಯೆಲ್ಲ ಸುತ್ತಿದ್ದಳು. ಅಣಕಿಸುತ್ತಿದ್ದಾಳೆಂದು ಅಮ್ಮ ಬೆನ್ನಿಗೆರಡು ಬಿಟ್ಟಿದ್ದಳು. ತಂಗಿ ಕುಂಟಿದ್ದು ಪ್ರೀತಿಯಿಂದ ಎಂದು ಅರ್ಥವಾದದ್ದು ಅಕ್ಕನೊಬ್ಬಳಿಗೆ. ಅವಳು ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದಳು:

"ನನ್ನ ಕುಂಟು ನನಗೇ ಇರ್ಲಿ ಪುಟ್ಟಿ. ನೀನು ನೆಟ್ಟಗೆ ನಡಿ. ನಂಗೆ ಅದನ್ನ ನೋಡೋ ಆಸೆ."

ಪುಟ್ಟಿ ತನ್ನ ಕಾಲುಗಳನ್ನೇ ನೋಡುತ್ತ ಕುಳಿತಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಪಾಪ, ಆ ಮನುಷ್ಯನಿಗೆ ಎಷ್ಟೆಲ್ಲ ಅಂದುಬಿಟ್ಟೆ... ಕೇಳದೆ ಮಾಡಿದ್ದು ತಪ್ಪೇ. ಆದರೆ ಮಾಡಿದ್ದು ಅಕ್ಕ ಬದುಕಿದ್ದರೆ ತಾನೇ ಕೇಳಿ ಮಾಡಿಸುತ್ತಿದ್ದ ಕೆಲಸ.

ನಾಲ್ಕನೆಯ ದಿನ ಸಂಜೆ ಯಾತ್ರಿಕರ ವಸತಿಗೃಹದ ಜಗಲಿಯ ಮೇಲೆ ಕುಳಿತು ಅವಳು ದಾರಿ ನೋಡುತ್ತಿದ್ದಳು. ಇಳಿಬಿಸಿಲಲ್ಲಿ ಯಾರೋ ಕಾಲೆಳೆಯುತ್ತ ಬರುತ್ತಿದ್ದರು. ಹತ್ತಿರ ಬಂದಾಗ ಗುರುತು ಹತ್ತಿತು.

ಶೂ ರಿಪೇರಿಯವನು ಅವಳ ಮುಂದೆ ನಿಂತು, ಏದುಸಿರು ಬಿಡುತ್ತಲೇ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದ.

"ಒಂದೇ ಸಿಕ್ತು" ಎಂದ. "ಎಡಗಾಲಿಂದು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಕಸದ ರಾಶಿ ಸುರಿಯೋ ಕಡೆ ಒಂದು ದಿನ ಪೂರ್ತಿ ಹುಡುಕಿದೆ. ಇದು ಬಲಗಾಲಿಂದು. ತೊಳೆದಿದ್ದೀನಿ. ಜಾಸ್ತಿ ಉಜ್ಜಿಲ್ಲ."

ಗಂಟು ಬಿಚ್ಚಿದಳು. ಹಿಮ್ಮಡಿಯ ಹೊರ ಅಂಚು ಸವೆದು ಇಳಿಜಾರಾದ ಅದೇ ಸೋಲ್. ಅಕ್ಕನ ಹೆಜ್ಜೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಬಸ್ಸಲ್ಲಿ ಬರಬಾರದಿತ್ತಾ?"

"ಬಸ್ಸಲ್ಲಿ ಬಂದಿದ್ರೆ ನೀವು ದಾರಿ ಪಕ್ಕ ಎಲ್ಲಾದ್ರೂ ಕೂತಿದ್ರೂ ಕಾಣ್ತಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ನೀವು ಹೇಳಿದ್ರೆ ಈಗಲೇ ಇದನ್ನ ವಾಪಸ್ ಹಚ್ಚಿ ಕೊಡ್ತೀನಿ. ಸಾಮಾನು ತಂದಿದ್ದೀನಿ."

"ಬೇಡ."

ಅವನು ಗಾಬರಿಯಿಂದ ತಲೆ ಎತ್ತಿದ.

"ಇದು ನನ್ನ ಚೀಲದಲ್ಲಿ ಬರುತ್ತೆ. ಶೂ ಜೊತೆ ಬೆಟ್ಟದ ಬುಡದಲ್ಲಿ ಇಡ್ತೀನಿ. ನಾನು ನೆಟ್ಟಗೇ ನಡೀಬೇಕಂತೆ, ಅಕ್ಕನ ಅಪ್ಪಣೆ." ಕಣ್ಣೊರೆಸಿಕೊಂಡಳು. "ಅವತ್ತು ತುಂಬಾ ಅಂದುಬಿಟ್ಟೆ. ಬೇಜಾರು ಮಾಡ್ಕೋಬೇಡಿ."

"ನೀವು ಅಂದಿದ್ದು ಸರೀನೇ. ಕೇಳ್ಬೇಕಿತ್ತು ನಾನು." ಚೀಲವನ್ನು ಕೆಳಗಿಟ್ಟ. "ನಿಜ ಹೇಳ್ತೀನಿ... ಆ ಸಂಜೆ ನೀವು ಶೂ ಕೊಡುವಾಗ ಅದನ್ನ ಮಗು ಎತ್ಕೊಂಡ ಹಾಗೆ ಹಿಡಿದಿದ್ರಿ. ಇವರ ಕಾಲು ನೋಯಬಾರದು ಅನ್ನಿಸಿಬಿಡ್ತು. ಬೇರೆ ಏನೂ ತಲೇಲಿ ಇರ್ಲಿಲ್ಲ. ಈಗ್ಲೂ ಇಲ್ಲ."

ಅವಳಿಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ನೆಲ ನೋಡಿದಳು. ಅಲ್ಲಿ ಅವನ ಚಪ್ಪಲಿ ಕಂಡಿತು. ಪಟ್ಟಿ ಕಿತ್ತು, ಹಗ್ಗದಿಂದ ಬಿಗಿದಿತ್ತು. ಬೆರಳೊಂದರಲ್ಲಿ ರಕ್ತ ಒಣಗಿತ್ತು.

"ಊರವರ ಶೂ ಎಲ್ಲ ರಿಪೇರಿ ಮಾಡೋರು... ನಿಮ್ಮ ಚಪ್ಪಲಿ ಗತಿ ಇದಾ?"

"ನಿನ್ನೆ ಕಿತ್ತೋಯ್ತು. ಕೂತು ಹೊಲಿಯೋಕೆ ಹೋಗಿದ್ರೆ ನೀವು ಮುಂದೆ ಹೋಗಿಬಿಡ್ತಿದ್ರಿ."

ಎಷ್ಟೋ ತಿಂಗಳ ಮೇಲೆ ಪುಟ್ಟಿ ನಕ್ಕಳು. ಚೀಲದಿಂದ ದಪ್ಪ ಸೂಜಿ ತೆಗೆದು ದಾರ ಪೋಣಿಸಿದಳು. ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದಳು.

"ನಾನು ಕೇಳದೆ ಮುಟ್ಟಲ್ಲ. ಹೊಲೀಲಾ?"

"ಹೊಲೀರಿ."

ಚಪ್ಪಲಿ ಬಿಚ್ಚಿಕೊಟ್ಟು ಅವನು ಅವಳ ಪಕ್ಕದಲ್ಲಿ, ಒಂದು ಗೇಣು ಬಿಟ್ಟು ಕುಳಿತ. ಅವಳು ಸಾವಕಾಶವಾಗಿ, ಸಣ್ಣ ಸಣ್ಣ ಹೊಲಿಗೆ ಹಾಕಿದಳು. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಡಿದಳು.

"ಇನ್ನೊಂದು ಕೇಳ್ಲಾ?"

"ಕೇಳಿ."

"ನಾಳೆಯಿಂದ ಜೊತೇಲಿ ಬರ್ತೀರಾ?"

"ಬೆಟ್ಟದ ತನಕಾನಾ?"

ಅವಳು ಹೊಲಿದ ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟಳು. ಮುಖ ಎತ್ತಲಿಲ್ಲ.

"ವಾಪಸ್ ಬರೋವಾಗ್ಲೂ."

ಅವನು ಚಪ್ಪಲಿ ಮೆಟ್ಟಿ, ಎದ್ದು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿದ.

"ಗಟ್ಟಿಯಾಗಿದೆ" ಎಂದ. "ಎಷ್ಟು ದೂರ ಬೇಕಾದ್ರೂ ಬರ್ತೀನಿ."